ಯಾರೂ ಗುರುತಿಸದ ಊರಿನಲ್ಲಿ ಒಬ್ಬರೇ ನಡೆಯುವಾಗ

ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿ ಕಡೆಯ ಯಾವುದೇ ಧರ್ಮಕೇಂದ್ರದಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಐದು ನಿಮಿಷ ಅಂಗಳದಲ್ಲಿ ನಿಲ್ಲಿ. ‘ಆನ್‌ಸೈಟ್’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. “ಮಗ ಆನ್‌ಸೈಟ್ ಹೋಗಿದ್ದಾನೆ, ಜರ್ಮನಿ.” “ಸೊಸೆಗೆ ಮೂರು ತಿಂಗಳು ಆನ್‌ಸೈಟ್ ಬಂದಿದೆ, ಮಗು ನಮ್ಮ ಹತ್ತಿರ ಇದೆ.” ಪೀಣ್ಯದ ಯಂತ್ರೋಪಕರಣ ಕಾರ್ಖಾನೆಗಳವರೂ ಹೊಸ ಯಂತ್ರ ಕಲಿಯಲೆಂದು, ಕೈಗಾರಿಕಾ ಮೇಳ ನೋಡಲೆಂದು ಅದೇ ದಿಕ್ಕಿಗೆ ಹೊರಡುತ್ತಾರೆ. ಒಂದು ಕಾಲಕ್ಕೆ ಗುರುಗಳೂ ಕನ್ಯಾಸ್ತ್ರೀಯರೂ ಮಾತ್ರ ಕಂಡು ಬಂದು ನಮಗೆ ವರ್ಣಿಸುತ್ತಿದ್ದ ಯೂರೋಪನ್ನು ಇಂದು ನಮ್ಮ ಬೀದಿಯ ಹುಡುಗ ಹುಡುಗಿಯರು ಬೆನ್ನಿಗೊಂದು ಚೀಲ ಹಾಕಿಕೊಂಡು ನೋಡಿ ಬರುತ್ತಿದ್ದಾರೆ.

ಮನೆಯವರು ಫೋನಿನಲ್ಲಿ ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತು. ಊಟಕ್ಕೆ ಏನು ಮಾಡಿಕೊಂಡೆ? ಚಳಿ ಹೇಗಿದೆ? ಪೂಜೆಗೆ ಹೋದೆಯಾ? ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಭಾನುವಾರ ಮಧ್ಯಾಹ್ನ ಆ ಹಳೆಯ ಊರಿನ ಬೀದಿಗಳಲ್ಲಿ ಒಬ್ಬನೇ ಅಲೆಯುವಾಗ ಏನು ನೋಡಿದೆ, ಹೇಗೆ ನೋಡಿದೆ ಎಂದು ಯಾರೂ ಕೇಳುವುದಿಲ್ಲ. ಅದು ಬಿಡುವಿನ ಮಾತು, ಫೋಟೋ ಕಳಿಸಿದರೆ ಆಯಿತು ಎಂದುಕೊಳ್ಳುತ್ತೇವೆ. ನನಗೇನೋ ಅದರೊಳಗೆ ಒಂದು ಗಂಭೀರವಾದ ಪ್ರಶ್ನೆ ಇದೆ ಎನಿಸುತ್ತದೆ. ಯಾರೂ ನಮ್ಮನ್ನು ಗುರುತಿಸದ ಊರಿನಲ್ಲಿ, ನೋಡುವುದೊಂದೇ ನಮ್ಮ ಕೆಲಸವಾಗಿರುವ ದಿನ, ನೋಡಿದ್ದಕ್ಕೆ ನಾವು ಏನಾದರೂ ಋಣಿಗಳಾಗುತ್ತೇವೆಯೇ?

ಮಾತು ಗಾಳಿಯಲ್ಲಿ ತೇಲದಿರಲಿ, ಒಂದು ಊರನ್ನೇ ಹಿಡಿದುಕೊಳ್ಳೋಣ. ಎಸ್‌ಎಪಿ ಎಂಬ ಜರ್ಮನ್ ಸಾಫ್ಟ್‌ವೇರ್ ಕಂಪನಿ 1998ರಲ್ಲಿ ಬೆಂಗಳೂರಿನಲ್ಲಿ ತನ್ನ ಪ್ರಯೋಗಶಾಲೆ ತೆರೆಯಿತು; ವೈಟ್‌ಫೀಲ್ಡಿನಲ್ಲಿ ಅದರ ಒಂದು ದೊಡ್ಡ ಆವರಣ ಇದೆ. ಕಂಪನಿಯ ಮುಖ್ಯ ಕಚೇರಿ ಇರುವುದು ವಾಲ್‌ಡಾರ್ಫ್ ಎಂಬ ಪುಟ್ಟ ಊರಿನಲ್ಲಿ. ಅಲ್ಲಿಂದ ಸ್ವಲ್ಪ ದೂರದಲ್ಲೇ ನೆಕ್ಕರ್ ನದಿಯ ದಂಡೆಯ ಮೇಲೆ ಹೈಡೆಲ್ಬರ್ಗ್ ಇದೆ. ಹೀಗಾಗಿ ವೈಟ್‌ಫೀಲ್ಡಿನಿಂದ ಹೋದ ಎಷ್ಟೋ ಮಂದಿ ಮೊದಲು ಒಂಟಿಯಾಗಿ ನಡೆದಾಡಿದ ಯೂರೋಪಿನ ಹಳೆಯ ಊರು ಇದೇ ಆಗಿರುತ್ತದೆ. 1386ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ, ಗುಡ್ಡದ ಮೇಲೆ ಅರ್ಧ ಕುಸಿದ ಕೆಂಪು ಕಲ್ಲಿನ ಕೋಟೆ, ಕೆಳಗೆ 1788ರ ಕಲ್ಲಿನ ಸೇತುವೆ. ಎರಡನೇ ಮಹಾಯುದ್ಧದ ಬಾಂಬುಗಳಿಂದ ಹೆಚ್ಚುಕಡಿಮೆ ಪಾರಾದ ಊರು ಇದು, ಆದ್ದರಿಂದ ಹಳೆಯ ಬೀದಿಗಳು ಹಳೆಯ ಬೀದಿಗಳಾಗಿಯೇ ಉಳಿದಿವೆ.

ಭಾನುವಾರ ಅಲ್ಲಿಗೆ ಹೋದ ನಮ್ಮ ಹುಡುಗನಿಗೆ ಮೊದಲು ಆಗುವ ಗಾಬರಿ ಅಂಗಡಿಗಳದ್ದು. ಎಲ್ಲವೂ ಬಾಗಿಲು ಹಾಕಿರುತ್ತವೆ. ಹಾಲು, ಬ್ರೆಡ್ಡು ಶನಿವಾರವೇ ತಂದಿಟ್ಟುಕೊಳ್ಳಬೇಕಿತ್ತು ಎಂದು ಯಾರೂ ಹೇಳಿರುವುದಿಲ್ಲ. ಭಾನುವಾರವು ಕೆಲಸದಿಂದ ವಿರಮಿಸುವ ದಿನ, ಆತ್ಮದ ಉನ್ನತಿಯ ದಿನ ಎಂದು 1919ರ ಜರ್ಮನ್ ಸಂವಿಧಾನ ಬರೆದಿಟ್ಟಿತು. 1949ರ ಸಂವಿಧಾನ ಅದನ್ನು ಹಾಗೆಯೇ ಉಳಿಸಿಕೊಂಡಿತು. ಭಾನುವಾರ ರಾತ್ರಿಯ ಪಾಳಿಗೂ ಕ್ಯಾಬು ಬಂದು ಬಾಗಿಲಲ್ಲಿ ಹಾರ್ನ್ ಹೊಡೆಯುವ ನಮ್ಮ ಹೊರವಲಯದ ಮನೆಗಳವರು ಈ ಸಂಗತಿಯನ್ನು ಒಮ್ಮೆ ಯೋಚಿಸಬೇಕು. ಪೂಜೆಗೆ ಬರುವವರು ಅಲ್ಲಿ ಕಡಿಮೆಯಾಗಿದ್ದಾರೆ, ಬಂದವರಲ್ಲಿ ವಯಸ್ಸಾದವರೇ ಹೆಚ್ಚು, ಪೂಜೆ ಅರ್ಪಿಸುವ ಗುರುಗಳು ಕೆಲವೊಮ್ಮೆ ನಮ್ಮ ಭಾರತದಿಂದಲೇ ಹೋದವರು. ಹಾಗಿದ್ದೂ ದಿನ ಮಾತ್ರ ಉಳಿದುಕೊಂಡಿದೆ.

ಅಂಗಡಿ ಇಲ್ಲ, ಗೆಳೆಯರಿಲ್ಲ, ಭಾಷೆ ಬಾರದು. ಇನ್ನು ಉಳಿದಿರುವುದು ನಡೆಯುವುದು. ಈ ಒಂಟಿತನ ಬಹಳ ವಿಚಿತ್ರವಾದದ್ದು. ನಮ್ಮೂರಲ್ಲಿ ನಾವು ಯಾವಾಗಲೂ ಯಾರದೋ ಮಗ, ಯಾರದೋ ಹೆಂಡತಿ, ಇಂಥ ಬೀದಿಯವರು, ಇಂಥ ಪಂಗಡದವರು. ಪೂಜೆಗೆ ಒಂದು ವಾರ ತಪ್ಪಿಸಿದರೆ ಕೇಳುವವರಿದ್ದಾರೆ. ಅಲ್ಲಿ ಯಾರಿಗೂ ನಿಮ್ಮ ಹೆಸರು ಬೇಕಾಗಿಲ್ಲ. ಕೆಲವರು ಇದನ್ನು ಬಿಡುಗಡೆ ಎನ್ನುತ್ತಾರೆ. ತಂದೆತಾಯಿಯರು ಇದನ್ನೇ ಅಪಾಯ ಎನ್ನುತ್ತಾರೆ. ಎರಡೂ ಸ್ವಲ್ಪ ಸ್ವಲ್ಪ ನಿಜ. ನೆರೆಯವರ ಕಣ್ಣಿಗೆ ಹೆದರಿ ಒಳ್ಳೆಯವರಾಗಿದ್ದವರಿಗೆ ಆ ಊರಿನಲ್ಲಿ ಕಾಲು ಜಾರಬಹುದು. ಆದರೆ ಗುಟ್ಟಿನಲ್ಲಿ ನೋಡುವ ತಂದೆಯ ಬಗ್ಗೆ ಪ್ರಭು ಹೇಳಿದ ಮಾತು ಎಷ್ಟರಮಟ್ಟಿಗೆ ನಮ್ಮದಾಗಿದೆ ಎಂದು ತಿಳಿಯುವುದಕ್ಕೆ ಬೇರೆ ಯಾವ ಜಾಗ ಉತ್ತಮ, ನೀವೇ ಹೇಳಿ.

ಸಂತ ಪೌಲರೂ ಒಮ್ಮೆ ಹೀಗೆ ಒಂಟಿಯಾಗಿದ್ದರು. ಪ್ರೇಷಿತರ ಕಾರ್ಯಕಲಾಪಗಳ 17ನೇ ಅಧ್ಯಾಯ ತೆಗೆದು ನೋಡಿ. ಸೀಲ, ತಿಮೊಥೇಯರು ಇನ್ನೂ ಬಂದಿರಲಿಲ್ಲ. ಅವರಿಗಾಗಿ ಕಾಯುತ್ತ ಪೌಲರು ಅಥೆನ್ಸ್ ನಗರದಲ್ಲಿ ಒಬ್ಬರೇ ಸುತ್ತಾಡಿದರು. ಆಗಲೇ ಅದು ಪ್ರಾಚೀನ ನಗರ, ಜಗತ್ತೆಲ್ಲ ಹೊಗಳುತ್ತಿದ್ದ ನಗರ. ಕಂಡದ್ದರಲ್ಲಿ ಬಹಳಷ್ಟು ಅವರ ಮನಸ್ಸನ್ನು ಕುದಿಸಿತು. ಆದರೂ ಅವರು ಮುಖ ತಿರುಗಿಸಿಕೊಂಡು ಬಿಡಾರಕ್ಕೆ ಹೋಗಲಿಲ್ಲ. ಪೀಠಗಳ ಮೇಲೆ ಬರೆದಿದ್ದನ್ನು ನಿಂತು ಓದಿದರು. ಹೆಸರೇ ಗೊತ್ತಿಲ್ಲದ ದೇವರಿಗೆಂದು ಕಟ್ಟಿದ್ದ ಒಂದು ಪೀಠವನ್ನು ಗುರುತಿಟ್ಟುಕೊಂಡರು. ಆ ಜನರ ಮುಂದೆ ಮಾತಾಡಲು ನಿಂತಾಗ ಅವರು ಶುರುಮಾಡಿದ್ದು ಅಲ್ಲಿಂದಲೇ. ಅವರ ಮಾತಿಗಿಂತ ಮೊದಲು ಅವರ ಕಣ್ಣು ಕೆಲಸ ಮಾಡಿತ್ತು. ನಮ್ಮ ಧರ್ಮೋಪದೇಶ ತರಗತಿಗಳಲ್ಲಿ ಪೌಲರ ಭಾಷಣವನ್ನು ಕಲಿಸುತ್ತೇವೆ, ಅದಕ್ಕಿಂತ ಮೊದಲಿನ ಆ ಅಲೆದಾಟವನ್ನು ಬಿಟ್ಟುಬಿಡುತ್ತೇವೆ.

ಒಂಟಿ ಪ್ರಯಾಣಿಕನಿಗೆ ಇನ್ನೊಂದು ಅನುಕೂಲವಿದೆ, ಅದನ್ನು ಅವನು ಮರೆಯಬಾರದು. ಅವನು ಹೊರಟುಹೋಗಬಲ್ಲ. ಎಲೆಕ್ಟ್ರಾನಿಕ್ ಸಿಟಿಯ ಬಗ್ಗೆ ಮಾತಾಡುವವರೆಲ್ಲ ನಾರಾಯಣ ಮೂರ್ತಿಯವರ ಹೆಸರು ಹೇಳುತ್ತಾರೆ. ಅವರು ತರುಣರಾಗಿದ್ದಾಗ, 1974ರಲ್ಲಿ, ಪ್ಯಾರಿಸ್ಸಿನಿಂದ ಮೈಸೂರಿಗೆ ದಾರಿಯಲ್ಲಿ ಸಿಕ್ಕ ವಾಹನಗಳನ್ನು ಹತ್ತಿಕೊಂಡು ಒಬ್ಬರೇ ಬರುತ್ತಿದ್ದರು. 2007ರಲ್ಲಿ ನ್ಯೂಯಾರ್ಕಿನ ವಿದ್ಯಾರ್ಥಿಗಳ ಮುಂದೆ ಅವರೇ ಅದನ್ನು ಹೇಳಿದ್ದಾರೆ. ಯುಗೊಸ್ಲಾವಿಯ ಮತ್ತು ಬಲ್ಗೇರಿಯ ಗಡಿಯ ಹತ್ತಿರದ ನಿಶ್ ಎಂಬ ಊರಿನ ಸ್ಟೇಷನ್ನಿಗೆ ಶನಿವಾರ ರಾತ್ರಿ ಬಂದಿಳಿದಾಗ ಊಟದ ಅಂಗಡಿ ಮುಚ್ಚಿತ್ತು. ಭಾನುವಾರ ಬ್ಯಾಂಕೂ ಇಲ್ಲ, ಕೈಯಲ್ಲಿ ಆ ದೇಶದ ಹಣವೂ ಇಲ್ಲ. ಪ್ಲಾಟ್‌ಫಾರಂ ಮೇಲೆಯೇ ಮಲಗಿದ್ದು ಆ ರಾತ್ರಿ ಸೋಫಿಯಾ ರೈಲು ಹತ್ತಿದರು. ಡಬ್ಬಿಯಲ್ಲಿ ಒಬ್ಬ ಹುಡುಗಿ, ಒಬ್ಬ ಹುಡುಗ. ಹುಡುಗಿಯೊಂದಿಗೆ ಫ್ರೆಂಚಿನಲ್ಲಿ ಮಾತು ಬೆಳೆಯಿತು. ಕಮ್ಯುನಿಸ್ಟ್ ಆಡಳಿತದ ಕೆಳಗೆ ಬದುಕುವ ಕಷ್ಟವನ್ನು ಆಕೆ ಹೇಳಿಕೊಂಡಳು. ಆ ಹುಡುಗ ಪೊಲೀಸರನ್ನು ಕರೆದ. ಮೂರ್ತಿಯವರನ್ನು ಎಂಟಡಿ ಉದ್ದ, ಎಂಟಡಿ ಅಗಲದ ತಣ್ಣನೆಯ ಕೋಣೆಯಲ್ಲಿ ಅನ್ನ ನೀರಿಲ್ಲದೆ 72 ಗಂಟೆಗೂ ಹೆಚ್ಚು ಕಾಲ ಕೂಡಿಹಾಕಿದರು. ಕೊನೆಗೆ, ನೀನು ಭಾರತವೆಂಬ ಸ್ನೇಹದ ದೇಶದವನು, ಅದಕ್ಕೇ ಬಿಡುತ್ತಿದ್ದೇವೆ ಎಂದು ಹೇಳಿ ಗೂಡ್ಸ್ ರೈಲಿನ ಗಾರ್ಡ್ ಡಬ್ಬಿಯಲ್ಲಿ ಕೂರಿಸಿ ಇಸ್ತಾಂಬುಲ್‌ಗೆ ಕಳಿಸಿದರು.

ಈ ಕಥೆಯನ್ನು ಎಲ್ಲರೂ ಇನ್ಫೋಸಿಸ್ ಹುಟ್ಟಿದ ಕಥೆಯೆಂದು ಓದುತ್ತಾರೆ, ಏಕೆಂದರೆ ಆ ಹಸಿವೇ ತಮ್ಮ ರಾಜಕೀಯ ನಂಬಿಕೆಯನ್ನು ಬದಲಿಸಿತು ಎಂದು ಅವರೇ ಹೇಳಿದ್ದಾರೆ. ನನ್ನ ಮನಸ್ಸು ಮಾತ್ರ ಆ ಹುಡುಗಿಯ ಹತ್ತಿರ ನಿಂತುಬಿಡುತ್ತದೆ. ಪೊಲೀಸರು ಆಕೆಯನ್ನೂ ಕರೆದುಕೊಂಡು ಹೋದರು. ಆಕೆಗೆ ಬಿಡಿಸಿ ಕಳಿಸುವ ಸ್ನೇಹದ ದೇಶ ಇರಲಿಲ್ಲ. ಆಕೆಯ ದೇಶವೇ ಅದು. ನಾವು ನೋಡಿ, ಕೇಳಿ, ಮುಂದಿನ ರೈಲು ಹತ್ತುತ್ತೇವೆ. ನಮಗೆ ‘ಅನುಭವ’ ಆಗುವುದು ಅಲ್ಲಿಯೇ ಬದುಕುವವರಿಗೆ ದಿನನಿತ್ಯ. ಅದಕ್ಕೆ ಯಾತ್ರಿಕನಿಗೆ ಒಂದು ಬಗೆಯ ಸಂಕೋಚ ಇರಬೇಕು ಎಂದು ನಾನು ಹೇಳುವುದು, ಅತಿಥಿ ಇನ್ನೊಬ್ಬರ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಾಗ ಇರುವಂಥದು.

ಈಗ ಹೈಡೆಲ್ಬರ್ಗಿಗೆ ಮರಳೋಣ. ಪೇಟೆಯ ಚೌಕದಲ್ಲಿ ಪವಿತ್ರಾತ್ಮರ ದೇವಾಲಯ ಇದೆ. ಒಳಗೆ ಹೋದವರಿಗೆ ಎತ್ತರವಾದ, ಬೆಳಕು ತುಂಬಿದ ಒಂದೇ ಸಭಾಂಗಣ ಕಾಣುತ್ತದೆ. ಆದರೆ 1706ರಿಂದ 1936ರವರೆಗೆ ಅದರ ನಡುವೆ ಒಂದು ಗೋಡೆ ಇತ್ತು. ಮತಭೇದದ ಕದನಗಳಾದ ಮೇಲೆ ಆ ಸೀಮೆಯ ಅರಸು ಕ್ಯಾಥೋಲಿಕ, ಜನರಲ್ಲಿ ಬಹಳಷ್ಟು ಪ್ರೊಟೆಸ್ಟಂಟರು. ಜಗಳ ತೀರದೆ ಕಟ್ಟಡವನ್ನೇ ಹಂಚಿಕೊಂಡರು: ಬಲಿಪೀಠದ ಕಡೆಯ ಭಾಗ ಕ್ಯಾಥೋಲಿಕರಿಗೆ, ಜನ ಕೂರುವ ಭಾಗ ಪ್ರೊಟೆಸ್ಟಂಟರಿಗೆ. ಅದಕ್ಕೂ ಹಿಂದೆ ಆ ದೇವಾಲಯದ ಮೇಲ್ಮಹಡಿಯಲ್ಲಿ ಯೂರೋಪಿಗೇ ಹೆಸರಾದ ಗ್ರಂಥಭಂಡಾರವಿತ್ತು. ಊರನ್ನು ಗೆದ್ದ ಕ್ಯಾಥೋಲಿಕ ಸೈನ್ಯ ಅದನ್ನು ಹೇಸರಗತ್ತೆಗಳ ಮೇಲೆ ಹೇರಿ, ಆಲ್ಪ್ಸ್ ದಾಟಿಸಿ, 1623ರಲ್ಲಿ ಪೋಪರಿಗೆ ಕಾಣಿಕೆಯಾಗಿ ರೋಮಿಗೆ ಸಾಗಿಸಿತು. ಜರ್ಮನ್ ಭಾಷೆಯ ಹಸ್ತಪ್ರತಿಗಳು 1816ರಲ್ಲಿ ಹಿಂತಿರುಗಿದವು; ಲತೀನ್ ಹಸ್ತಪ್ರತಿಗಳಲ್ಲಿ ಬಹುಪಾಲು ಇಂದಿಗೂ ವ್ಯಾಟಿಕನ್ನಿನಲ್ಲಿವೆ. ಒಬ್ಬ ಕ್ಯಾಥೋಲಿಕ ಯಾತ್ರಿಕ ಇದನ್ನು ಅಲ್ಲಿಯೇ ನಿಂತು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮವರು ಮಾಡಿದ್ದು ಪರವೂರಿನ ಫಲಕದ ಮೇಲೆ ಹೇಗೆ ಓದುತ್ತದೆ ಎಂಬುದು ಮನೆಯಲ್ಲಿ ಕೂತರೆ ಗೊತ್ತಾಗುವುದಿಲ್ಲ.

ಆ ಗೋಡೆ ಇನ್ನೂ ಇದ್ದಾಗ, 1916ರ ಬೇಸಿಗೆಯಲ್ಲಿ, ಇಪ್ಪತ್ತನಾಲ್ಕು ವಯಸ್ಸಿನ ಒಬ್ಬ ಯೆಹೂದ್ಯ ತರುಣಿ ಅಲ್ಲಿಗೆ ಬಂದಿದ್ದಳು. ದೇವರ ಮೇಲಿನ ನಂಬಿಕೆಯನ್ನು ಹದಿಹರೆಯದಲ್ಲೇ ಬಿಟ್ಟವಳು. ತತ್ವಶಾಸ್ತ್ರದ ಡಾಕ್ಟರೇಟ್ ಪರೀಕ್ಷೆಗೆಂದು ಫ್ರೈಬರ್ಗಿಗೆ ಹೊರಟವಳು ದಾರಿಯಲ್ಲಿ ಫ್ರಾಂಕ್‌ಫರ್ಟ್ ಮತ್ತು ಹೈಡೆಲ್ಬರ್ಗ್ ನೋಡಿಕೊಂಡು ಹೋದಳು. ಎಡಿತ್ ಸ್ಟೈನ್ ಎಂದು ಆಕೆಯ ಹೆಸರು.

ಫ್ರಾಂಕ್‌ಫರ್ಟಿನಲ್ಲಿ ಗೆಳತಿಯೊಂದಿಗೆ ಹಳೆಯ ಪೇಟೆ ಸುತ್ತುತ್ತ, ಎಲ್ಲ ಪ್ರವಾಸಿಗರಂತೆ, ಅಲ್ಲಿಯ ಮಹಾದೇವಾಲಯದೊಳಗೂ ಹೊಕ್ಕಳು. ಪೂಜೆಯ ಹೊತ್ತಲ್ಲ, ಒಳಗೆ ಜನವಿಲ್ಲ. ಅಷ್ಟರಲ್ಲಿ ಸಂತೆಯ ಬುಟ್ಟಿ ಹಿಡಿದ ಒಬ್ಬ ಹೆಂಗಸು ಬಂದಳು, ಮೊಣಕಾಲೂರಿ ಸ್ವಲ್ಪ ಹೊತ್ತು ಪ್ರಾರ್ಥಿಸಿದಳು. ಅಷ್ಟೇ ನಡೆದದ್ದು. ಎಡಿತ್ ಸ್ಟೈನ್‌ಗೆ ಇದು ತೀರಾ ಹೊಸದಾಗಿತ್ತು. ಆಕೆ ಕಂಡಿದ್ದ ಯೆಹೂದ್ಯ ಸಭಾಮಂದಿರಗಳಿಗೂ ಪ್ರೊಟೆಸ್ಟಂಟ್ ದೇವಾಲಯಗಳಿಗೂ ಜನ ಆರಾಧನೆಯ ವೇಳೆಗೆ ಮಾತ್ರ ಹೋಗುತ್ತಿದ್ದರು. ಇಲ್ಲಿ ಒಬ್ಬಾಕೆ ದಿನದ ಕೆಲಸದ ನಡುವೆ, ಯಾರೂ ಇಲ್ಲದ ದೇವಾಲಯಕ್ಕೆ, ಆಪ್ತರೊಬ್ಬರೊಂದಿಗೆ ಎರಡು ಮಾತಾಡಿ ಹೋಗುವವಳಂತೆ ಬಂದಿದ್ದಳು. ಅದನ್ನು ತಾನು ಎಂದೂ ಮರೆಯಲಾಗಲಿಲ್ಲ ಎಂದು ಎಡಿತ್ ಸ್ಟೈನ್ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾಳೆ. ಹೈಡೆಲ್ಬರ್ಗಿನ ಬಗ್ಗೆಯೂ ಹಾಗೆಯೇ: ಕೋಟೆ, ನೆಕ್ಕರ್ ನದಿ, ವಿಶ್ವವಿದ್ಯಾನಿಲಯದ ಸುಂದರ ಹಸ್ತಪ್ರತಿಗಳು ಎಲ್ಲವನ್ನೂ ನೋಡಿದಳು, ಆದರೆ ಮನಸ್ಸಿನಲ್ಲಿ ಆಳವಾಗಿ ಅಚ್ಚೊತ್ತಿದ್ದು ನಡುವೆ ಗೋಡೆಯಿದ್ದ ದೇವಾಲಯ.

ಮಾರ್ಕನ ಶುಭಸಂದೇಶದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವ ಎರಡು ಪ್ರಸಂಗಗಳು ಇಲ್ಲಿ ನೆನಪಾಗುತ್ತವೆ. 12ನೇ ಅಧ್ಯಾಯದ ಕೊನೆಯಲ್ಲಿ ಪ್ರಭು ಮಹಾದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು, ಎರಡು ಕಾಸು ಹಾಕಿ ಹೋದ ಬಡ ವಿಧವೆಯನ್ನು ನೋಡುತ್ತಾರೆ. ಮುಂದಿನ ಅಧ್ಯಾಯದ ಮೊದಲ ಸಾಲಿನಲ್ಲಿಯೇ ಶಿಷ್ಯರೊಬ್ಬರು ಆ ಕಟ್ಟಡದ ಕಲ್ಲುಗಳು ಎಷ್ಟು ದೊಡ್ಡವು ಎಂದು ಬೆರಗಾಗುತ್ತಾರೆ. ಹಳ್ಳಿಗಾಡಿನ ಗಲಿಲೇಯದಿಂದ ರಾಜಧಾನಿಗೆ ಬಂದವರು, ಪಾಪ, ಅವರಿಗೆ ಬೆರಗಾಗದೆ ಇನ್ನೇನು? ನಾವೂ ಕಲ್ಲಿಗೇ ಮೊದಲು ಕ್ಯಾಮೆರಾ ಎತ್ತುತ್ತೇವೆ. ಅದು ತಪ್ಪೆಂದು ನಾನು ಹೇಳಲಾರೆ. ನೂರಾರು ವರ್ಷ ನೂರಾರು ಕೈಗಳು ಕೆತ್ತಿದ ಕಲ್ಲಿಗೆ ಗೌರವ ಸಲ್ಲಬೇಕು. ಆದರೆ ಆ ಬುಟ್ಟಿಯ ಹೆಂಗಸು ಬಂದ ಹೊತ್ತಿನಲ್ಲಿ ನಮ್ಮ ಹುಡುಗ ಫೋಟೋಕ್ಕೆ ಅಡ್ಡ ಬಂದಳೆಂದು ಆಕೆ ಎದ್ದುಹೋಗುವುದನ್ನೇ ಕಾಯುತ್ತಿದ್ದರೆ?

ಎಡಿತ್ ಸ್ಟೈನ್ ಮನಪರಿವರ್ತನೆಗೆ ಅದೊಂದೇ ಕಾರಣವಲ್ಲ. ಇನ್ನೂ ಐದು ವರ್ಷ ಹುಡುಕಾಟ ನಡೆಯಿತು. 1922ರ ಜನವರಿ 1ರಂದು ಆಕೆ ಜ್ಞಾನಸ್ನಾನ ಪಡೆದರು. 1923ರಿಂದ 1931ರವರೆಗೆ ಸ್ಪೈಯರ್ ಎಂಬ ಊರಿನಲ್ಲಿ ದೊಮಿನಿಕನ್ ಕನ್ಯಾಸ್ತ್ರೀಯರ ಶಾಲೆಯಲ್ಲಿ ಪಾಠ ಹೇಳಿದರು. ಹೈಡೆಲ್ಬರ್ಗಿಗೆ ಹೋದವರು ಅಲ್ಲಿಂದ ಸ್ಪೈಯರಿಗೆ ಅರ್ಧ ದಿನದಲ್ಲಿ ಹೋಗಿ ಬರಬಹುದು. 1933ರಲ್ಲಿ ಕಲೋನಿನ ಕಾರ್ಮೆಲ್ ಮಠ ಸೇರಿದರು; ನಾಜಿಗಳ ಹಿಂಸೆ ಹೆಚ್ಚಿದಾಗ 1938ರ ಕೊನೆಯಲ್ಲಿ ಹಾಲೆಂಡಿನ ಮಠಕ್ಕೆ ಹೋದರು. ಅಲ್ಲಿಯೂ ಹಿಡಿದರು. 1942ರ ಆಗಸ್ಟ್ 7ರಂದು ಪೂರ್ವಕ್ಕೆ ಹೊರಟ ಕೈದಿಗಳ ರೈಲು ಸ್ಪೈಯರಿನ ಹತ್ತಿರದ ಶಿಫರ್‌ಸ್ಟಾಟ್ ಸ್ಟೇಷನ್ನಿನಲ್ಲಿ ಸ್ವಲ್ಪ ಹೊತ್ತು ನಿಂತಾಗ, ಆಕೆ ರೈಲಿನೊಳಗಿಂದಲೇ ಅಲ್ಲಿದ್ದವರನ್ನು ಕರೆದು ತಮ್ಮ ಪರಿಚಿತರಿಗೆ ವಂದನೆ ಹೇಳಿ ಕಳಿಸಿದರು. ಎರಡು ದಿನದ ಮೇಲೆ ಆಶ್ವಿತ್ಸ್‌ನಲ್ಲಿ ಕೊಲ್ಲಲ್ಪಟ್ಟರು. 1998ರ ಅಕ್ಟೋಬರ್ 11ರಂದು, ಆ ಜರ್ಮನ್ ಕಂಪನಿ ನಮ್ಮೂರಿಗೆ ಬಂದ ವರ್ಷವೇ, ಎರಡನೇ ಜಾನ್ ಪೌಲರು ಆಕೆಯನ್ನು ಸಂತಳೆಂದು ಘೋಷಿಸಿದರು.

ಹೈಡೆಲ್ಬರ್ಗಿನ ಬೀದಿಗಳಲ್ಲಿ ಕಣ್ಣು ಕೆಳಗಿಟ್ಟು ನಡೆದರೆ ಕೆಲವು ಮನೆಗಳ ಮುಂದೆ ನೆಲಹಾಸಿನ ನಡುವೆ ಅಂಗೈಯಗಲದ ಹಿತ್ತಾಳೆ ತಗಡುಗಳು ಹೊಳೆಯುತ್ತವೆ. ನಾಜಿಗಳು ಆ ಮನೆಯಿಂದ ಎಳೆದೊಯ್ದವರ ಹೆಸರು, ಹುಟ್ಟಿದ ವರ್ಷ, ಸತ್ತ ಜಾಗ ಅದರ ಮೇಲಿರುತ್ತದೆ. ಗುಂಟರ್ ಡೆಮ್ನಿಗ್ ಎಂಬ ಕಲಾವಿದ ಇದನ್ನು 1992ರಲ್ಲಿ ಕಲೋನಿನಲ್ಲಿ ಆರಂಭಿಸಿದ. 2023ರ ಹೊತ್ತಿಗೆ ಯೂರೋಪಿನ ಊರೂರುಗಳಲ್ಲಿ ಒಂದು ಲಕ್ಷ ಕಲ್ಲುಗಳಾದವು. ಹೈಡೆಲ್ಬರ್ಗೂ ಸೇರಿದಂತೆ ಆ ಬಾಡನ್ ಸೀಮೆಯ ಯೆಹೂದ್ಯರನ್ನು 1940ರ ಅಕ್ಟೋಬರ್ 22ರಂದು ಒಂದೇ ದಿನ ಮನೆಗಳಿಂದ ಹೊರಡಿಸಿ ಫ್ರಾನ್ಸಿನ ಗುರ್ಸ್ ಶಿಬಿರಕ್ಕೆ ಸಾಗಿಸಿದರು. ಆ ಅಕ್ಷರ ಓದಬೇಕಾದರೆ ನೀವು ನಿಲ್ಲಬೇಕು, ಸೊಂಟ ಬಗ್ಗಿಸಬೇಕು. ಗುಂಪಿನಲ್ಲಿ ಹೋದವರಿಗೆ ಪುರುಸೊತ್ತು ಸಿಗುವುದಿಲ್ಲ, ಮುಂದಾಳು ಬಾವುಟ ಹಿಡಿದು ಕೋಟೆಯ ಕಡೆ ನಡೆದಿರುತ್ತಾನೆ. ಒಬ್ಬರೇ ಹೋದವರಿಗೆ ಸಿಗುತ್ತದೆ. ಒಂದು ಹೆಸರನ್ನಾದರೂ ಪೂರ್ತಿ ಓದಿ ಎಂದು ನಿಮ್ಮ ಮಗಳಿಗೆ, ಮಗನಿಗೆ ಹೇಳಿ ಕಳಿಸಿ.

ಇನ್ನು ನಮ್ಮೂರಿನ ಮಾತು. ವೈಟ್‌ಫೀಲ್ಡ್ ಹುಟ್ಟಿದ್ದೇ ಪರಸ್ಥಳದವರಿಗಾಗಿ. 1882ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಯೂರೇಷಿಯನ್ನರ ಮತ್ತು ಆಂಗ್ಲೋ ಇಂಡಿಯನ್ನರ ಸಂಘಕ್ಕೆ 3,900 ಎಕರೆ ಭೂಮಿ ಕೊಟ್ಟರು. ಆ ಸಂಘದ ಮುಖಂಡ ವೈಟ್ ಎಂಬವರ ಹೆಸರು ಊರಿಗೆ ಬಂತು. ಚಕ್ರದಂತೆ ದುಂಡಗೆ ಬೀದಿ ಎಳೆದು ಅವರು ಕಟ್ಟಿದ ಹಳ್ಳಿಯ ಗುರುತು ಒಳವೃತ್ತದಲ್ಲಿ ಇನ್ನೂ ಇದೆ. ಈಗ ಅಲ್ಲಿ ಭಾನುವಾರ ಒಂಟಿಯಾಗಿ ಅಲೆಯುವವರು ಬೇರೆ. 2023ರಲ್ಲಿ ಕಾಡುಗೋಡಿಗೆ ಮೆಟ್ರೋ ಬಂದ ಮೇಲೆ ಅವರನ್ನು ಇನ್ನೂ ಹೆಚ್ಚಾಗಿ ಕಾಣುತ್ತೀರಿ. ರಾಯಚೂರಿನಿಂದ ಗಾರೆ ಕೆಲಸಕ್ಕೆ ಬಂದವನು, ಜಾರ್ಖಂಡಿನಿಂದ ಸೆಕ್ಯುರಿಟಿ ಕೆಲಸಕ್ಕೆ ಬಂದವನು, ಒಡಿಶಾದಿಂದ ಪೀಣ್ಯದ ಗಾರ್ಮೆಂಟ್ಸಿಗೆ ಬಂದ ಹುಡುಗಿ. ವಾರದ ಒಂದು ರಜೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೋನು. ಮಾಲಿನ ಮುಂದೆ ನಿಂತು ಒಂದು ಫೋಟೋ. ನಮ್ಮ ಹುಡುಗ ನೆಕ್ಕರ್ ದಂಡೆಯಲ್ಲಿ ನಡೆದಂತೆಯೇ ಇವರು ನಮ್ಮ ನಡುವೆ ನಡೆಯುತ್ತಾರೆ, ಹೆಸರಿಲ್ಲದೆ, ಭಾಷೆಯಿಲ್ಲದೆ, ಎಲ್ಲವನ್ನೂ ನೋಡುತ್ತ. ಎಮ್ಮಾವುಸಿನ ದಾರಿಯಲ್ಲಿ ಕ್ಲಿಯೋಫನು ಪುನರುತ್ಥಾನರಾದ ಪ್ರಭುವನ್ನು ಜೆರುಸಲೇಮಿಗೆ ಒಂಟಿಯಾಗಿ ಬಂದ, ಊರಿನ ಸುದ್ದಿ ತಿಳಿಯದ ಪರಸ್ಥಳದವನೆಂದೇ ಎಣಿಸಿದ್ದನಲ್ಲ!

ಇವರು ನೋಡುವುದರಲ್ಲಿ ನಾವೂ ಇದ್ದೇವೆ. ಪೂಜೆ ಮುಗಿಸಿ ಬಂದು ಆಟೋದವನೊಂದಿಗೆ ಹತ್ತು ರೂಪಾಯಿಗೆ ಕೂಗಾಡುವ ನಾವು, ಬಾಗಿಲಲ್ಲಿ ನಿಂತ ಅಪರಿಚಿತನಿಗೆ ಬೆಂಚಿನಲ್ಲಿ ಸರಿದು ಜಾಗ ಕೊಡುವ ನಾವು, ಕೊಡದ ನಾವು. ಫ್ರಾಂಕ್‌ಫರ್ಟಿನ ಆ ಹೆಂಗಸಿಗೆ ಯಾರೋ ತನ್ನನ್ನು ನೋಡುತ್ತಿದ್ದಾರೆಂಬುದು ತಿಳಿದಿರಲಿಲ್ಲ. ತರಕಾರಿಯೋ ಬ್ರೆಡ್ಡೋ ಬುಟ್ಟಿಯಲ್ಲಿದ್ದದ್ದನ್ನು ಮನೆಗೆ ಒಯ್ದು ಅಡಿಗೆಗೆ ಇಟ್ಟಿರುತ್ತಾಳೆ. ಯುದ್ಧದ ಕಾಲ ಅದು; ಯಾವ ಮಗನಿಗಾಗಿ, ಯಾವ ಗಂಡನಿಗಾಗಿ ಮೊಣಕಾಲೂರಿದ್ದಳೋ.

ಆಕೆ ಒಳಗೆ ಹೋಗಲು ಸಾಧ್ಯವಾದದ್ದು ಬಾಗಿಲು ತೆರೆದಿದ್ದರಿಂದ ಎಂಬುದನ್ನೂ ಗಮನಿಸಿ. ನಮ್ಮ ಕಡೆಯ ಎಷ್ಟೋ ದೇವಾಲಯಗಳು ಬೆಳಗಿನ ಪೂಜೆಯಾದ ಮೇಲೆ ಬೀಗ ಹಾಕಿಕೊಂಡರೆ ತೆರೆಯುವುದು ಸಂಜೆಗೆ. ಕಾರಣಗಳು ಸುಳ್ಳಲ್ಲ. ಕಾಣಿಕೆ ಡಬ್ಬಿ ಇದೆ, ಮೈಕು ಇದೆ, ಹಿಂದೊಮ್ಮೆ ಕಳುವಾದ ನೆನಪೂ ಇರಬಹುದು. ಕಾವಲಿಗೆ ಸಂಬಳ ಕೊಟ್ಟು ಜನ ಇಡಲು ಎಲ್ಲ ಧರ್ಮಕೇಂದ್ರಗಳಿಗೂ ಶಕ್ತಿಯಿಲ್ಲ. ಆದರೆ ನಿವೃತ್ತರಾದವರು, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ ಕೂರುವವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ದಿನಕ್ಕೆ ಇಬ್ಬರಂತೆ, ಹನ್ನೆರಡರಿಂದ ನಾಲ್ಕರವರೆಗೆ, ಜಪಮಾಲೆ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತರೂ ಸಾಕು. ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ, ಮಧ್ಯಾಹ್ನದ ಹೊತ್ತು ಬೀಗದ ಕೈ ಯಾರ ಹತ್ತಿರ ಇರಬೇಕು ಎಂದು ಒಮ್ಮೆ ಕೇಳಿ ನೋಡಿ.